ಓದದೆ ಒತ್ತಿದ ಹೌದು

ಈ-ಮೇಲ್ ತೆರೆಯುವಾಗ ಕಂಪ್ಯೂಟರಿನ ಪರದೆಯ ನಡುವೆ ಒಂದು ಸಣ್ಣ ಚೌಕ ಎದ್ದು ನಿಲ್ಲುತ್ತದೆ. ಈ ಸಂಪರ್ಕ ಸುರಕ್ಷಿತವೆಂದು ಖಚಿತವಿಲ್ಲ, ಮುಂದುವರಿಯಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಅದಕ್ಕಿಂತ ಹೇಡಿಯಾದ ವಸ್ತುವನ್ನು ನಾನು ಕಂಡಿರಲಿಲ್ಲ. ಕಳ್ಳ ಬಂದಿದ್ದಾನೆ ಎನ್ನುವ ಧೈರ್ಯ ಅದಕ್ಕಿಲ್ಲ, ಬಂದಿಲ್ಲ ಎನ್ನುವ ಧೈರ್ಯವೂ ಇಲ್ಲ. ನಾಳೆ ಏನಾದರೂ ಆದರೆ ‘ನಾನು ಆಗಲೇ ಹೇಳಿದ್ದೆ’ ಎಂದು ಕೈ ತೊಳೆದುಕೊಳ್ಳಲು ಮಾತ್ರ ಗೊತ್ತು. ಅಂಥ ಮನುಷ್ಯರು ಪ್ರತಿ ಆಫೀಸಿನಲ್ಲೂ ಒಬ್ಬರಿಬ್ಬರು ಇರುತ್ತಾರೆ. ನಾನು ಅವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದೆನೋ ಈ ಚೌಕವನ್ನೂ ಹಾಗೆಯೇ ನಡೆಸಿಕೊಂಡೆ. ಮುಖ ನೋಡದೆ ‘ಹೌದು’ ಒತ್ತಿದೆ, ವರ್ಷಗಟ್ಟಲೆ ಒತ್ತಿದೆ.

ಆ ತಾತ್ಸಾರದಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲು ಆಕೆಗೆ ನಮ್ಮಿಂದ ಒಂದು ಪುಟದ ಪತ್ರ ಬೇಕಿತ್ತು, ಅದೂ ಸಿಗಲಿಲ್ಲ. ಸಿಗದ ಹಾಗೆ ಮಾಡಿದವನು ನಾನು. ಈಗ ಎಪ್ಪತ್ತೊಂದು ವಯಸ್ಸಿಗೆ ಇದನ್ನು ಬರೆದಿಡುವುದರಿಂದ ನನ್ನ ಮರ್ಯಾದೆ ಹೆಚ್ಚುವುದಿಲ್ಲ. ಹೆಚ್ಚಬೇಕೆಂದು ಬರೆಯುತ್ತಲೂ ಇಲ್ಲ.

ನನ್ನ ಮನೆ ಕಾಪುವಿನಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿ. ಮೀನಿನ ವ್ಯಾಪಾರಕ್ಕೆ ಮಂಜುಗಡ್ಡೆ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದೆ. ಆಮೇಲೆ ಉಡುಪಿಯಲ್ಲಿ ನಮ್ಮ ಸಮುದಾಯದ ಸಂಘ ನಡೆಸುವ ವಧೂವರರ ಮಾಹಿತಿ ಕೇಂದ್ರಕ್ಕೆ ದಿನಾ ಬಸ್ಸು ಹಿಡಿದು ಹೋಗುತ್ತಿದ್ದೆ. ಮೇಜಿನ ಮೇಲೆ ‘ಗೌರವ ವ್ಯವಸ್ಥಾಪಕ’ ಎಂಬ ಹಲಗೆ ಇತ್ತು. ಮಸ್ಕತ್ತಿನಿಂದ, ದುಬೈಯಿಂದ, ಮುಂಬೈಯಿಂದ, ಇಲ್ಲೇ ಕಾರ್ಕಳದಿಂದ ಜಾತಕಗಳೂ ಫೋಟೊಗಳೂ ಈ-ಮೇಲಿನಲ್ಲಿ ಬರುತ್ತಿದ್ದವು. ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ನಮ್ಮ ಗೋತ್ರ, ಇಬ್ಬರದ್ದೂ ಒಂದೇ ಆಗದಂತೆ ನೋಡಿಕೊಂಡು, ಇವರ ಜಾತಕ ಅವರಿಗೆ, ಅವರದ್ದು ಇವರಿಗೆ ಕಳಿಸುವುದು ನನ್ನ ಕೆಲಸ.

ನಮ್ಮಲ್ಲಿ ಸಂಬಂಧ ಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ‘ಜಾತಕ ಕೂಡಿ ಬರಲಿಲ್ಲ’ ಎನ್ನುತ್ತಾರೆ. ಜೋಯಿಸರ ಹತ್ತಿರ ಹೋಗಿರುವುದೇ ಇಲ್ಲ, ಆದರೂ ಕೂಡಿ ಬರಲಿಲ್ಲ. ಎದುರಿನವರಿಗೂ ಇದು ಗೊತ್ತು. ‘ಹೌದಾ, ಅದಕ್ಕೆ ಎಂತ ಮಾಡುವುದು, ಋಣ ಇಲ್ಲ’ ಎಂದು ಅವರೂ ನಗುತ್ತಾ ಫೋನ್ ಇಡುತ್ತಾರೆ. ಈ ಒಂದು ಸುಳ್ಳಿನಿಂದಾಗಿ ಎರಡೂ ಮನೆಯವರು ಮುಂದಿನ ವಾರ ಯಾವುದೋ ಗೃಹಪ್ರವೇಶದಲ್ಲಿ ಅಕ್ಕಪಕ್ಕ ಕುಳಿತು ಊಟ ಮಾಡಬಹುದು.

ನಿಜವಾದ ಕಾರಣವನ್ನು ಮಾತ್ರ ನನಗೆ ಹೇಳುತ್ತಿದ್ದರು. ‘ನಿಮ್ಮಲ್ಲಿಯೇ ಇರಲಿ’ ಎಂದು ಸ್ವರ ತಗ್ಗಿಸುತ್ತಿದ್ದರು. ನಾನು ಅದನ್ನು ಪಟ್ಟಿಯ ಕೊನೆಯ ಅಂಕಣದಲ್ಲಿ ಟೈಪು ಮಾಡಿಡುತ್ತಿದ್ದೆ. ಹುಡುಗ ಗಿಡ್ಡ. ಹುಡುಗಿಗೆ ಮಾತು ಜಾಸ್ತಿ. ತಂದೆ ಕುಡಿಯುತ್ತಾರಂತೆ. ಚಿಕ್ಕಮ್ಮನಿಗೆ ತಲೆ ಸರಿ ಇಲ್ಲವಂತೆ. ಅದೇ ತರಹದ ಸಂಬಂಧ ಮತ್ತೆ ಕಳಿಸಬಾರದು, ಅದಕ್ಕೆ ಬರೆದಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ನಿಜ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ನನ್ನ ನಮಸ್ಕಾರಕ್ಕೆ ಕತ್ತು ಅಲ್ಲಾಡಿಸುವ ದೊಡ್ಡ ಮನುಷ್ಯರ ಮನೆಯ ಒಳಗೆಲ್ಲ ನನ್ನ ಕೊನೆಯ ಅಂಕಣದಲ್ಲಿ ಇತ್ತು. ಅವರ ಬಗ್ಗೆ ನನಗಿದ್ದ ತಿರಸ್ಕಾರಕ್ಕೆ ಆ ಅಂಕಣ ಒಳ್ಳೆಯ ಮೇವು. ಕಂಪ್ಯೂಟರ್ ಕೆಟ್ಟರೆ ಹೋಗಬಾರದೆಂದು ಶನಿವಾರ ಶನಿವಾರ ಆ ಫೈಲನ್ನು ನಮ್ಮದೇ ಈ-ಮೇಲಿಗೆ ಕಳಿಸಿಡುತ್ತಿದ್ದೆ.

ಇನ್ನು ಆ ಚೌಕದ ವಿಷಯ. ಅದು ಪ್ರತಿ ಬೆಳಿಗ್ಗೆ ಬರುತ್ತಿತ್ತು. ರಿಪೇರಿಯವನು ಒಮ್ಮೆ ಬಂದು ನೋಡಿ, ‘ಎಂತದ್ದೂ ಆಗಿಲ್ಲ, ಒಳಗಿನ ಗುಂಡು ಬ್ಯಾಟರಿ ಸತ್ತಿದೆ. ಸ್ವಿಚ್ ಆಫ್ ಮಾಡಿದ ಕೂಡಲೇ ಇದು ತಾರೀಕು ಮರೆಯುತ್ತದೆ. ಬೆಳಿಗ್ಗೆ ಏಳುವಾಗ ಹದಿನೈದು ವರ್ಷ ಹಿಂದೆ ಇರುತ್ತದೆ. ತಾರೀಕು ತಪ್ಪಿದರೆ ಈ-ಮೇಲಿಗೆ ಸಂಶಯ. ಬ್ಯಾಟರಿ ಹಾಕಿ, ಸರಿಯಾಗುತ್ತದೆ’ ಎಂದ. ವಾಚಿನ ಅಂಗಡಿಯಲ್ಲಿ ಸಿಗುವ ಬ್ಯಾಟರಿ. ನಾಳೆ ತರುವ ಎಂದೆ. ತರಲಿಲ್ಲ. ಒಂದು ಗುಂಡಿ ಒತ್ತಿದರೆ ಮುಗಿಯುವುದಕ್ಕೆ ಬ್ಯಾಟರಿ ಯಾಕೆ?

ಇದಲ್ಲದೆ ಬೇರೆಯವರು ಕಳಿಸಿದ ಜಾತಕ ತೆರೆದಾಗಲೆಲ್ಲ ಮೇಲ್ಗಡೆ ಒಂದು ಹಳದಿ ಪಟ್ಟಿ ಬರುತ್ತಿತ್ತು. ಇದು ಹೊರಗಿನಿಂದ ಬಂದ ಫೈಲು, ಅಪಾಯ ಇರಬಹುದು, ಗುರುತಿನವರದ್ದಲ್ಲದಿದ್ದರೆ ತೆರೆಯಬೇಡಿ ಎಂದು. ಮದುವೆ ಸಂಬಂಧ ಹುಡುಕುವ ಕೇಂದ್ರಕ್ಕೆ ಜಾತಕ ಕಳಿಸುವವರು ಗುರುತಿನವರಾಗಿರುತ್ತಾರಾ? ಗುರುತಿಲ್ಲದವರಿಂದ ಜಾತಕ ತರಿಸಿ ಗುರುತು ಮಾಡಿಸುವುದೇ ನಮ್ಮ ಕೆಲಸ. ನಮ್ಮ ಕಸುಬೇ ಅರ್ಥವಾಗದ ಇದರ ಮಾತು ಯಾರು ಕೇಳಬೇಕು? ಹಳದಿ ಪಟ್ಟಿಯ ಬಲತುದಿಯಲ್ಲಿ ಇರುವ ಗುಂಡಿಯನ್ನು ಒತ್ತುವುದು, ಜಾತಕ ತೆರೆಯುವುದು. ‘ಇನ್ನು ಮುಂದೆ ಕೇಳಬೇಡ’ ಎಂಬ ಜಾಗ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಗುರುತು ಹಾಕಿದೆ. ಸಂಘದ ಬೇರೆ ಹಿರಿಯರಿಗೂ ಇದನ್ನು ಕಲಿಸಿದೆ. ಅವರು ನನ್ನನ್ನು ಕಂಪ್ಯೂಟರ್ ಗೊತ್ತಿರುವವನು ಎಂದು ಹೊಗಳಿದರು. ನನಗೆ ಗೊತ್ತಿದ್ದದ್ದು ಬಾಯಿ ಮುಚ್ಚಿಸುವುದು ಮಾತ್ರ.

ಆಗ ಕೇಂದ್ರದಲ್ಲಿ ಅರ್ಧ ದಿನ ಟೈಪಿಂಗ್ ಮಾಡಲು ಒಬ್ಬ ಹೆಂಗಸನ್ನು ಇಟ್ಟುಕೊಂಡೆವು. ಬಾಗಲಕೋಟೆ ಕಡೆಯವಳು. ಗಂಡ ಮಣಿಪಾಲದಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಆಕೆ ಹತ್ತನೆಯ ತರಗತಿ ಮುಗಿಸಿ ಆರು ತಿಂಗಳ ಕಂಪ್ಯೂಟರ್ ಕಲಿತಿದ್ದಳು, ಅಂದರೆ ಓದಿನಲ್ಲಿ ನನ್ನ ಸಮಾನ. ಅದು ನನಗೆ ಹಿಡಿಸಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಮ್ಮವಳಲ್ಲ, ತುಳು ಬರುವುದಿಲ್ಲ, ಆದ್ದರಿಂದ ಗುಟ್ಟು ಹೊರಗೆ ಹೋಗುವುದಿಲ್ಲ ಎಂಬ ಲೆಕ್ಕದಲ್ಲೇ ಸಮಿತಿ ಆಕೆಯನ್ನು ಇಟ್ಟುಕೊಂಡದ್ದು.

ಈ ಕೆಲಸಕ್ಕೆ ಯಾಕೆ ಸೇರಿದ್ದೆಂದು ಬಂದ ಮೊದಲ ವಾರದಲ್ಲೇ ಹೇಳಿದ್ದಳು. ‘ಮಣಿಪಾಲದ ದವಾಖಾನಿಯೊಳಗ ರೆಕಾರ್ಡ್ ಸೆಕ್ಷನ್ ಅಂತ ಐತ್ರಿ ಸರ. ಪೇಶಂಟ್ ಕಾಗದ ಎಲ್ಲಾ ಕಂಪ್ಯೂಟರಿಗೆ ಹಾಕೋದು. ಎರಡು ವರ್ಷ ಎಲ್ಲಾದ್ರೂ ಮಾಡಿರಬೇಕು, ನಂಬಿಗಸ್ತರು ಅಂತ ಪತ್ರ ತರಬೇಕು ಅಂದಾರ. ನೀವು ಆ ಪತ್ರ ಕೊಟ್ರ ಸಾಕ್ರಿ.’

‘ಕೊಡುವ, ಕೊಡುವ. ಮೊದಲು ಕೆಲಸ ಮಾಡಿ’ ಎಂದಿದ್ದೆ.

ಆಕೆ ಒಂದು ನೂರು ಪುಟದ ಪುಸ್ತಕ ಇಟ್ಟುಕೊಂಡಿದ್ದಳು. ಕಂಪ್ಯೂಟರಿನಲ್ಲಿ ಬರುವ ಪ್ರತಿ ಎಚ್ಚರಿಕೆಯನ್ನೂ ಅದರಲ್ಲಿ ಬರೆಯುತ್ತಿದ್ದಳು. ತಾರೀಕು, ಗಂಟೆ, ಚೌಕ ಏನು ಹೇಳಿತು, ಏನು ಒತ್ತಿದೆವು. ಗೊತ್ತಿಲ್ಲದ ಇಂಗ್ಲಿಷ್ ಶಬ್ದಕ್ಕೆ ಅರ್ಥ ಹುಡುಕಿ ಕೆಳಗೆ ಬರೆಯುತ್ತಿದ್ದಳು. ಆಸ್ಪತ್ರೆಯಲ್ಲಿ ಹಾಗೆ ಮಾಡಬೇಕಾಗುತ್ತದೆ, ಈಗಲೇ ರೂಢಿಯಾಗಲಿ ಎಂದು. ಬ್ಯಾಟರಿ ಸತ್ತ ವಿಷಯವನ್ನೂ ನನ್ನಿಂದ ಕೇಳಿ ಬರೆದುಕೊಂಡಿದ್ದಳು. ನಾನು ಅದನ್ನು ನೋಡಿ ನಗುತ್ತಿದ್ದೆ.

‘ಎಂತ ಮಾರಾಯ್ತಿ, ಇದು ಪುರಾಣವಾ? ಬರೆದು ಬರೆದು ಪುಣ್ಯ ಬರುತ್ತದಾ?’

‘ಪುಣ್ಯ ಬ್ಯಾಡ್ರಿ ಸರ, ಅರ್ಥ ಆದ್ರ ಸಾಕು.’

ಸಮಿತಿಯವರ ಎದುರೂ ಅವಳ ಪುಸ್ತಕವನ್ನು ಎತ್ತಿ ತೋರಿಸಿ ನಗಿಸಿದ್ದೆ. ಆಕೆಯೂ ನಕ್ಕಳು. ಪುಸ್ತಕ ಮಾತ್ರ ನಿಲ್ಲಿಸಲಿಲ್ಲ.

ಎರಡು ವರ್ಷ ತುಂಬಲು ಒಂದು ತಿಂಗಳು ಇರುವಾಗ ಅದಾಯಿತು. ಮಸ್ಕತ್ತಿನಿಂದ ಎಂದು ಹೇಳಿಕೊಂಡು ಒಂದು ಈ-ಮೇಲ್ ಬಂದಿತ್ತು. ಹಿಂದೆ ನಮ್ಮಲ್ಲಿ ಹೆಸರು ಕೊಟ್ಟಿದ್ದ ಒಬ್ಬರ ಹೆಸರೇ, ಜೊತೆಗೆ ಜಾತಕ ಎಂಬ ಫೈಲು. ಆಕೆ ಅದನ್ನು ತೆರೆದವಳು ಕೈ ಹಿಂದೆ ತೆಗೆದಳು.

‘ಸರ, ದಿನಾ ಒಂದ ಪಟ್ಟಿ ಬರತಿತ್ರಿ. ಇವತ್ತ ಅದರ ಕೆಳಗ ಇನ್ನೊಂದು ಬಂದೈತಿ. ಇದು ಬ್ಯಾರೆ ಐತ್ರಿ. ಈ ಫೈಲಿನೊಳಗ ಏನೋ ನಡಿಯೂದೈತಿ, ಬಿಡಲೇನು ಅಂತ ಕೇಳಾಕತ್ತೈತಿ. ಜಾತಕದೊಳಗ ಏನ್ರಿ ನಡಿಯೂದು?’

‘ಶನಿ ನಡೆಯುತ್ತಾನೆ. ಏಳಿ ಆಚೆ’ ಎಂದೆ.

‘ಅವರಿಗೆ ಒಂದು ಫೋನ್ ಹಚ್ಚಿ ಕೇಳೋಣ್ರಿ.’

‘ನಿಮ್ಮ ಜಾತಕ ನಿಜವಾದದ್ದಾ ಎಂದು ಕೇಳುವುದಾ? ನಾಲ್ಕು ಜನರಲ್ಲಿ ಮುಖ ಎತ್ತಿ ಓಡಾಡುವವರನ್ನು? ನಿಮಗೆ ಇಲ್ಲಿನ ಮರ್ಯಾದೆ ಗೊತ್ತಿಲ್ಲ.’

ಅವಳ ಕುರ್ಚಿಯಲ್ಲಿ ನಾನು ಕುಳಿತು ಎರಡನೆಯ ಪಟ್ಟಿಯ ಗುಂಡಿಯನ್ನೂ ಒತ್ತಿದೆ. ಓದಲಿಲ್ಲ. ಫೈಲು ಖಾಲಿ ಇತ್ತು. ‘ನೋಡಿ, ಎಂತದ್ದೂ ಇಲ್ಲ. ನಿಮ್ಮ ಹೆದರಿಕೆಯ ಹಾಗೆ, ಬರೀ ಖಾಲಿ’ ಎಂದೆ. ಆಕೆ ಪುಸ್ತಕ ತೆರೆದು ಏನೋ ಬರೆದುಕೊಂಡಳು.

ಅದರ ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ, ನಮ್ಮ ಈ-ಮೇಲಿನಿಂದ ನಮ್ಮ ಪಟ್ಟಿಯಲ್ಲಿದ್ದ ಎಲ್ಲರಿಗೂ ಹಳೆಯ ಈ-ಮೇಲುಗಳು ತಾವಾಗಿಯೇ ಹೊರಟವು. ಅವುಗಳ ಜೊತೆ ನಾನು ಶನಿವಾರ ಕಳಿಸಿಟ್ಟಿದ್ದ ಫೈಲು ಹೋಯಿತು. ಕೊನೆಯ ಅಂಕಣ ಸಮೇತ.

ಮೊದಲು ಬಂದವರು ಕಾರ್ಕಳದ ಒಬ್ಬರು, ಮಗಳಿಗೆ ಸಂಬಂಧ ಹುಡುಕುತ್ತಿದ್ದ ತಂದೆ. ಫೋನನ್ನು ಮುಖದ ಹತ್ತಿರ ಹಿಡಿದು, ಕುಳಿತುಕೊಳ್ಳದೆ, ನಾನು ಟೈಪು ಮಾಡಿದ್ದನ್ನೇ ಓದಿದರು. ತುಳುವಿನಲ್ಲಿ ಮಾತಾಡುವವರು, ಅದನ್ನು ಮಾತ್ರ ನನ್ನ ಕನ್ನಡದಲ್ಲೇ ಓದಿದರು. ‘ಹುಡುಗಿಯ ಬಣ್ಣ ಕಡಿಮೆ. ಮಾತು ಜಾಸ್ತಿ. ತಾಯಿಯ ಕಡೆ ಮರುಳು ಉಂಟೆಂದು ಸುದ್ದಿ.’ ಆಮೇಲೆ ಕೇಳಿದರು, ‘ಜಾತಕ ಕೂಡಿ ಬರಲಿಲ್ಲ ಎಂದು ಐದು ಸಲ ನನಗೆ ಫೋನ್ ಮಾಡಿದ್ದು ನೀವೇ ಅಲ್ವಾ ಅಣ್ಣೇರೆ?’

ನಾನೇ ಎಂದೆ.

‘ನಾನು ಐದು ಸಲವೂ ಜೋಯಿಸರಲ್ಲಿಗೆ ಹೋಗಿ ಅವಳಿಗೆ ಶಾಂತಿ ಮಾಡಿಸಿದೆ’ ಎಂದರು. ನಮ್ಮ ಸುಳ್ಳನ್ನು ನಿಜವೆಂದು ನಂಬಿದ ಮನುಷ್ಯನೂ ಒಬ್ಬ ಇದ್ದ ಎಂದು ನನಗೆ ಅವತ್ತು ಗೊತ್ತಾಯಿತು.

ಸಂಜೆ ಸಮಿತಿ ಸೇರಿತು. ರಿಪೇರಿಯವನು, ಯಾರೋ ಒಂದು ಕೆಟ್ಟ ಫೈಲು ತೆರೆದು ಒಪ್ಪಿಗೆ ಕೊಟ್ಟಿದ್ದಾರೆ, ಎರಡು ಸಲ ಕೇಳಿಯೇ ಒಳಗೆ ಬಂದಿದೆ ಎಂದು ಹೇಳಿ ಹೋದ. ಅಧ್ಯಕ್ಷರು, ಉಡುಪಿಯಲ್ಲಿ ಎರಡು ಬಟ್ಟೆ ಅಂಗಡಿಯ ಯಜಮಾನರು, ನನ್ನ ಕಡೆ ತಿರುಗಿ, ‘ಯಾರು ತೆರೆದದ್ದು?’ ಎಂದರು.

ಆಕೆ ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಪುಸ್ತಕ ಅವಳ ಮೇಜಿನ ಖಾನೆಯಲ್ಲಿತ್ತು. ಸಭೆಗೆ ಮೊದಲೇ ನಾನು ಅದನ್ನು ತೆರೆದು ನೋಡಿದ್ದೆ. ಕೊನೆಯ ಸಾಲು ದುಂಡಗಿನ ಅಕ್ಷರದಲ್ಲಿತ್ತು: ‘ಮಸ್ಕತ್ ಜಾತಕ. ಎರಡು ಪಟ್ಟಿ. ಎರಡನೇದು ಹೊಸದು. ಸರಗೆ ಹೇಳಿದೆ. ಸರ ಒತ್ತಿದರು.’

ಅದು ಆಗಲೇ ನನ್ನ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ ಇತ್ತು.

‘ಫೈಲು ತೆರೆಯುವುದು ಆಕೆಯ ಕೆಲಸ’ ಎಂದೆ. ಇಷ್ಟೇ ಹೇಳಿದ್ದು. ಒಂದು ಅಕ್ಷರವೂ ಸುಳ್ಳಲ್ಲ. ನಲವತ್ತು ವರ್ಷ ಗುಮಾಸ್ತನಾಗಿ ಕಲಿತ ಭಾಷೆ ಅದು. ನಾನು ಬಯ್ಯುತ್ತಿದ್ದ ಆ ಹೇಡಿ ಚೌಕವಾದರೂ ಇರುವುದನ್ನು ಇದ್ದ ಹಾಗೆ ಹೇಳಿತ್ತು.

‘ನಾನು ಆಗಲೇ ಹೇಳಿದ್ದೆ, ಹೊರಗಿನವರು ಬೇಡ ಎಂದು’ ಎಂದರು ಅಧ್ಯಕ್ಷರು. ಅವರು ಹೇಳಿರಲಿಲ್ಲ.

ಮರುದಿನ ಆಕೆಗೆ ಬರಬೇಡ ಎಂದರು. ಆಕೆ ನನ್ನ ಕಡೆ ನೋಡಿದಳು. ‘ಪುಸ್ತಕದೊಳಗ ಬರದೀನ್ರಿ, ತಗದು ತೋರಸ್ತೇನಿ’ ಎಂದು ಖಾನೆ ಎಳೆದಳು. ಒಂದೊಂದೇ ಕಾಗದ ಹೊರಗೆ ತೆಗೆದಳು. ಖಾನೆಯನ್ನೇ ಕಳಚಿ ಹಿಂದೆ ಬಿದ್ದಿದೆಯೋ ಎಂದು ಬಗ್ಗಿ ನೋಡಿದಳು. ಅವಳು ಹುಡುಕಿ ಮುಗಿಸುವವರೆಗೂ ನಾನು ಎದುರು ನಿಂತಿದ್ದೆ. ಪತ್ರದ ಮಾತು ಎತ್ತಿದಾಗ ಅಧ್ಯಕ್ಷರು, ‘ನಂಬಿಗಸ್ತರು ಎಂದು ನಿಮಗೆ ಬರೆದುಕೊಡುವುದಾ?’ ಎಂದು ಕೇಳಿದರು. ಆಕೆ ಚಪ್ಪಲಿ ಹಾಕಿಕೊಂಡು ಹೋದಳು.

ಎರಡು ವರ್ಷ ಆ ಪುಸ್ತಕ ನನ್ನ ಮನೆಯ ಕಪಾಟಿನಲ್ಲಿ ಪಂಚೆಗಳ ಅಡಿಯಲ್ಲಿತ್ತು. ಸುಟ್ಟುಹಾಕಬಹುದಿತ್ತು. ಅಷ್ಟು ಧೈರ್ಯವೂ ನನಗಿರಲಿಲ್ಲ. ಕೇಂದ್ರಕ್ಕೆ ಹೋಗುವುದನ್ನು ಬಿಡಲಿಲ್ಲ. ಹಲಗೆ ಮೇಜಿನ ಮೇಲೆಯೇ ಇತ್ತು.

ಕಳೆದ ವರ್ಷ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದಾಗ ಎದುರಿನಿಂದ ಆಕೆ ಬರುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಆಕೆಯೇ ನಿಂತಳು.

‘ಆರಾಮದೀರೇನ್ರಿ ಸರ? ಚಷ್ಮಾ ಬದಲಿಸೀರಲ್ಲ.’

ವಿದ್ಯಾರ್ಥಿಗಳ ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿ ಚಪಾತಿ ಮಾಡುತ್ತಿದ್ದಾಳಂತೆ. ಆಸ್ಪತ್ರೆಯಲ್ಲಿ ರೆಕಾರ್ಡ್ ಕೆಲಸಕ್ಕೆ ಮತ್ತೆ ಕರೆದಿದ್ದಾರಂತೆ, ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆಯಾದರೂ ಪರವಾಗಿಲ್ಲ, ಆದರೆ ಅದೇ ಪತ್ರ ಕೇಳುತ್ತಾರಂತೆ. ಹೊರಡುವ ಮುಂಚೆ ಕೇಳಿದಳು, ‘ನನ್ನ ಪುಸ್ತಕ ಆಮ್ಯಾಲೆ ಎಲ್ಲ್ಯಾರ ಸಿಕ್ತೇನ್ರಿ?’

‘ಇಲ್ಲ’ ಎಂದೆ.

ಈ ‘ಇಲ್ಲ’ವನ್ನು ಯಾರ ತಲೆಗೂ ಕಟ್ಟಲು ಬರುವುದಿಲ್ಲ. ಬಾಯಿಂದ ನೇರವಾಗಿ ಬಂದ ಸುಳ್ಳು. ಕಣ್ಣು ತೋರಿಸದೆಯೇ ಬಸ್ಸು ಹತ್ತಿ ಕಾಪುವಿಗೆ ಬಂದೆ. ನಾಲ್ಕು ದಿನದ ನಂತರ ಪುಸ್ತಕ ಹಿಡಿದುಕೊಂಡು ಆ ಹಾಸ್ಟೆಲಿನ ಹಿಂಬಾಗಿಲಿಗೆ ಹೋದೆ. ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಕೊನೆಯ ಸಾಲು ಇರುವ ಪುಟವನ್ನೇ ತೆರೆದಳು. ಹರಿದಿಲ್ಲ ಎಂದು ನೋಡಿದಳು.

‘ನಾನೇ ತೆಗೆದದ್ದು. ಕ್ಷಮಿಸಬೇಕು’ ಎಂದೆ.

‘ನನ್ನ ಮುಂದ ಯಾಕ ಹೇಳ್ತೀರಿ? ನನಗ ಗೊತ್ತಿರೂದ ಐತಿ. ಯಾರ ಮುಂದ ನನ್ನ ಹೆಸರು ಕೆಡಿಸಿದ್ರಿ, ಅವರ ಮುಂದ ಹೇಳ್ರಿ’ ಎಂದಳು. ಒಳಗೆ ಕಾವಲಿ ಸುಡುತ್ತಿತ್ತು, ಹೋದಳು.

ನಾನು ಕೇಂದ್ರದ ಕಂಪ್ಯೂಟರಿನಲ್ಲಿ ಕುಳಿತು ಎಲ್ಲ ಸದಸ್ಯರಿಗೂ ಒಂದು ಈ-ಮೇಲ್ ಬರೆದೆ. ಆ ಫೈಲಿಗೆ ಒಪ್ಪಿಗೆ ಒತ್ತಿದವನು ನಾನು, ಆಕೆ ಬೇಡವೆಂದಿದ್ದಳು, ಪುಸ್ತಕ ಕದ್ದವನೂ ನಾನೇ ಎಂದು. ಕಳಿಸುವಾಗ ಎಂದಿನ ಚೌಕ ಬಂತು. ಹೌದು ಒತ್ತಿದೆ.

ಸಂಜೆಯಿಂದ ಫೋನುಗಳು ಬರತೊಡಗಿದವು. ‘ಅಣ್ಣೇರೆ, ನಿಮ್ಮ ಹೆಸರಿನಲ್ಲಿ ಮತ್ತೆ ಕಳ್ಳರು ಎಂತದೋ ಕಳಿಸಿದ್ದಾರೆ, ಜಾಗ್ರತೆ!’ ನಮ್ಮ ವಿಳಾಸದ ಹೆಸರು ಒಮ್ಮೆ ಕೆಟ್ಟಿತ್ತು, ಮೇಲೆ ಹದಿನೈದು ವರ್ಷ ಹಳೆಯ ತಾರೀಕು. ಎಲ್ಲರ ಕಂಪ್ಯೂಟರಿನಲ್ಲೂ ನನ್ನ ತಪ್ಪೊಪ್ಪಿಗೆಯ ನೆತ್ತಿಯ ಮೇಲೆ ಹಳದಿ ಪಟ್ಟಿ ಕುಳಿತಿತ್ತು: ಈ ಪತ್ರವನ್ನು ನಂಬಬೇಡಿ. ನಾನು ಕಲಿಸಿದ್ದನ್ನು ಮರೆತು, ಈ ಸಲ ಎಲ್ಲರೂ ಅದರ ಮಾತು ಕೇಳಿದ್ದರು. ತೆರೆಯದೆ ಅಳಿಸಿದ್ದರು.

ಹಾಗಾಗಿ ಬಾಯಿಯಿಂದ ಹೇಳಬೇಕಾಯಿತು. ಮೊದಲು ಕಾರ್ಕಳಕ್ಕೆ ಹೋದೆ. ಆ ತಂದೆ ನನ್ನನ್ನು ಜಗಲಿಯಲ್ಲಿ ಕುಳ್ಳಿರಿಸಿ ಕೇಳಿಸಿಕೊಂಡರು. ಮನೆಗೆ ಬಂದವರಿಗೆ ಕೊಡುವ ನೀರು ಬೆಲ್ಲ ಕೊಡಲಿಲ್ಲ. ‘ಹಾಗಾದರೆ ಆ ಹೆಂಗಸನ್ನು ನಾನು ಎರಡು ವರ್ಷ ಸುಮ್ಮನೆ ಬೈದದ್ದು’ ಎಂದರು. ಆಮೇಲೆ, ‘ನೀವು ಹೊರಡಿ’ ಎಂದರು. ನಮ್ಮಲ್ಲಿ ಹಾಗೆ ನೇರವಾಗಿ ಯಾರೂ ಹೇಳುವುದಿಲ್ಲ. ಅವರು ಹೇಳಿದರು.

ಅಧ್ಯಕ್ಷರು ಅಂಗಡಿಯಲ್ಲಿ ಸೀರೆ ಮಡಿಸಿಡುವುದನ್ನು ನೋಡುತ್ತಾ ಕೇಳಿದರು. ‘ನಿಮಗೆ ಈ ಪ್ರಾಯದಲ್ಲಿ ಎಂತ ಮರ್ಲು? ಮುಗಿದದ್ದನ್ನು ಯಾಕೆ ಕೆದಕುವುದು?’

‘ಅವರಿಗೆ ಪತ್ರ ಕೊಡಬೇಕು.’

‘ಆಯ್ತು, ನೋಡುವ.’

ನೋಡುವ ಎಂದರೆ ಜಾತಕ ಕೂಡಿ ಬರಲಿಲ್ಲ ಎಂದ ಹಾಗೆ. ಆ ಭಾಷೆಯಲ್ಲಿ ನಾನು ಪಂಡಿತ. ‘ನೋಡುವ ಅಲ್ಲ, ಇವತ್ತು’ ಎಂದೆ. ಗಿರಾಕಿಗಳು ತಿರುಗಿ ನೋಡಿದರು. ಅಲ್ಲೇ ಸ್ಟೂಲಿನ ಮೇಲೆ ಕುಳಿತುಕೊಂಡೆ. ಗಿರಾಕಿಗಳ ಎದುರು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, ಪುಸ್ತಕ ಕದ್ದ ಕಥೆ ಶುರು ಮಾಡಿದೆ. ಅವರು ಎದ್ದು ನನ್ನ ಜೊತೆ ಕೇಂದ್ರಕ್ಕೆ ಬಂದರು. ಸಂಘದ ಲೆಟರ್‌ಹೆಡ್ಡಿನಲ್ಲಿ ನಾನು ಟೈಪು ಮಾಡಿದೆ, ಅವರು ಸಹಿ ಹಾಕಿ ಮೊಹರು ಒತ್ತಿದರು. ಓದಲಿಲ್ಲ.

ಕೂಡಲೇ ಬಸ್ಸು ಹಿಡಿದು ಮಣಿಪಾಲಕ್ಕೆ ಹೋದೆ. ಹಿಂಬಾಗಿಲಲ್ಲಿ ನಿಂತು ಆಕೆ ಪತ್ರವನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದಳು. ಎಚ್ಚರಿಕೆ ಕೊಟ್ಟವಳು ಆಕೆ, ಕೇಳದವನು ನಾನು ಎಂದು ಅದರಲ್ಲಿ ಬರೆದಿದ್ದೆ. ಆ ಸಾಲಿನಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬೆರಳು ಮೇಲಕ್ಕೆ ಹೋಗಿ ಬಲಮೂಲೆಯಲ್ಲಿ ನಿಂತಿತು. ನಮ್ಮ ಲೆಟರ್‌ಹೆಡ್ಡಿನಲ್ಲಿ ತಾರೀಕನ್ನು ಕಂಪ್ಯೂಟರೇ ಹಾಕುತ್ತದೆ.

‘ಸರ, ಈ ತಾರೀಕಿಗೆ ನಾನು ಇನ್ನೂ ಸಾಲಿಗೆ ಹೋಗ್ತಿದ್ದೆ’ ಎಂದಳು. ‘ಆ ಬ್ಯಾಟರಿ ಇನ್ನೂ ಹಾಕ್ಸಿಲ್ಲೇನ್ರಿ?’

ಒಳಗಿನಿಂದ ಯಾರೋ ಏನೆಂದು ಕೇಳಿದರು. ಆಕೆ ಏನೂ ಇಲ್ಲ ಎಂದು ಹೇಳಿ, ಪತ್ರವನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ. ಸಿಟ್ಟಿಗೆ ಒಂದು ಗೌರವವಾದರೂ ಇರುತ್ತದೆ. ನಾನು ಆ ಚೌಕವನ್ನು ಪ್ರತಿ ಬೆಳಿಗ್ಗೆ ಹೇಗೆ ನೋಡುತ್ತಿದ್ದೆನೋ ಹಾಗೆ ಆಕೆ ನನ್ನನ್ನು ನೋಡಿದಳು.

‘ಸೋಮವಾರದೊಳಗ ಕೊಡಬೇಕ್ರಿ ಅದನ್ನ’ ಎಂದಳು.

ಕೆಳಗೆ ಉಡುಪಿಗೆ ಇಳಿದು, ವಾಚಿನ ಅಂಗಡಿಯಲ್ಲಿ ಬ್ಯಾಟರಿ ಕೊಂಡೆ. ಎಂಟಾಣೆ ನಾಣ್ಯದಷ್ಟಿತ್ತು. ರಿಪೇರಿಯವನನ್ನು ಕರೆಸಿ ಹಾಕಿಸಿ, ತಾರೀಕು ಸರಿ ಮಾಡಿಸಿದೆ. ಈ-ಮೇಲ್ ತೆರೆದೆ. ಚೌಕ ಬರಲಿಲ್ಲ. ಬರುತ್ತದೋ ಎಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ ಪತ್ರವನ್ನು ಹೊಸದಾಗಿ ಅಚ್ಚು ಮಾಡಿ, ಎರಡು ಸಲ ಓದಿ, ಮತ್ತೆ ಅಧ್ಯಕ್ಷರ ಅಂಗಡಿಯ ಕಡೆ ನಡೆದೆ. ನನ್ನನ್ನು ನೋಡಿದ ಕೂಡಲೇ ಅವರು ಗಿರಾಕಿಗಳನ್ನು ಬಿಟ್ಟು ಪೆನ್ನು ತೆಗೆದರು.

‘ಮೊದಲು ಓದಿ’ ಎಂದೆ.